ಒಣಗಿಸುವ ದಾರಿ ಇದ್ದರಷ್ಟೇ ಡೌನ್ ಕಂಫರ್ಟರ್

ಬೆಂಗಳೂರಿನ ಮಾಲ್‌ಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಈಗ ಡೌನ್ ಕಂಫರ್ಟರ್ ಸುಲಭವಾಗಿ ಸಿಗುತ್ತದೆ. ತಾರಾ ಹೋಟೆಲಿನ ಮಂಚದ ಮೇಲೆ ಕಂಡ ಆ ಉಬ್ಬಿದ ಬಿಳಿ ಹೊದಿಕೆ ನಮ್ಮ ಮನೆಗೂ ಬರಲಿ ಎಂದು ಆಸೆಪಟ್ಟರೆ ತಪ್ಪೇನಿಲ್ಲ. ಆದರೆ ಕೊಳ್ಳುವವರು ವಿಚಾರಿಸುವುದು ಎಷ್ಟು ಬೆಚ್ಚಗಿರುತ್ತದೆ, ಬೆಲೆ ಎಷ್ಟು ಎಂಬೆರಡನ್ನೇ. ಇವೆರಡಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ: ಇದು ಒದ್ದೆಯಾದರೆ ನಮ್ಮ ಮನೆಯಲ್ಲಿ ಒಣಗುವುದು ಹೇಗೆ? ಉತ್ತರ ಗೊತ್ತಿಲ್ಲದವರು ಎಷ್ಟೇ ಉತ್ತಮ ದರ್ಜೆಯದನ್ನು ತಂದರೂ ಆ ದುಡ್ಡು ನೀರಿಗೆ ಹಾಕಿದಂತೆಯೇ.

ಕಾರಣ ಆ ವಸ್ತುವಿನ ಗುಣದಲ್ಲೇ ಇದೆ. ಡೌನ್ ಎಂದರೆ ಬಾತು ಮತ್ತು ಹೆಬ್ಬಾತುಗಳ ಹೊರಗರಿಗಳ ಕೆಳಗೆ, ಮೈಗೆ ಅಂಟಿಕೊಂಡು ಬೆಳೆಯುವ ತುಪ್ಪುಳು. ಗರಿಗಿರುವಂತೆ ಇದಕ್ಕೆ ಗಟ್ಟಿ ದಂಟಿಲ್ಲ. ನಡುವಿನಿಂದ ಎಲ್ಲ ದಿಕ್ಕಿಗೂ ಚಾಚಿದ ನವಿರಾದ ಎಳೆಗಳಿವೆ. ಆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯ ಶಾಖವನ್ನು ಹೊರಹೋಗದಂತೆ ತಡೆಯುವುದು. ಚೀಟಿಯ ಮೇಲಿನ ಫಿಲ್ ಪವರ್ ಈ ಗಾಳಿಯ ಲೆಕ್ಕ. ಫಿಲ್ ಪವರ್ 600 ಇದ್ದರೆ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳು 600 ಘನ ಅಂಗುಲ ಜಾಗ ತುಂಬುತ್ತದೆ ಎಂದರ್ಥ. ಹೆಚ್ಚುಕಡಿಮೆ ಹತ್ತು ಲೀಟರ್. 800 ಆದರೆ ಅಷ್ಟೇ ತೂಕಕ್ಕೆ ಹದಿಮೂರು ಲೀಟರ್. ನೀರು ತಗುಲಿದಾಗ ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ. ಆಗ ಸಾವಿರಾರು ರೂಪಾಯಿಯ ಹೊದಿಕೆ ಬೆಚ್ಚಗಿಡುವುದರಲ್ಲಿ ಹಳೆಯ ದುಪ್ಪಟಿಗಿಂತಲೂ ಕಡೆ.

ಒಗೆಯುವುದಕ್ಕಿಂತ ಒಣಗಿಸುವುದೇ ಇಲ್ಲಿ ದೊಡ್ಡ ಕೆಲಸ. ಸರಿಯಾದ ಕ್ರಮವೆಂದರೆ ದೊಡ್ಡ ಫ್ರಂಟ್‌ಲೋಡ್ ಯಂತ್ರದಲ್ಲಿ, ಸೌಮ್ಯ ಡಿಟರ್ಜೆಂಟ್ ಸ್ವಲ್ಪವೇ ಹಾಕಿ, ಫ್ಯಾಬ್ರಿಕ್ ಸಾಫ್ಟನರ್ ಮುಟ್ಟದೆ ಒಗೆದು, ಎರಡು ಸಲ ಜಾಲಿಸುವುದು. ಆಮೇಲೆ ಡ್ರೈಯರ್‌ನಲ್ಲಿ ಕಡಿಮೆ ಬಿಸಿಗೆ ಹಾಕಿ, ಜೊತೆಗೆ ಎರಡು ಮೂರು ಟೆನಿಸ್ ಚೆಂಡು ಬಿಡಬೇಕು. ಅವು ಬಡಿದು ಬಡಿದು ಗಂಟು ಬಿಡಿಸುತ್ತವೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹೊರಬಟ್ಟೆ ಮೊದಲೇ ಒಣಗಿಬಿಡುವುದರಿಂದ ಕೈಗೆ ಒಣಗಿದಂತೆ ಅನಿಸಿದರೂ ನಂಬುವಂತಿಲ್ಲ. ಒಂದೊಂದು ಚೌಕವನ್ನೂ ಬೆರಳ ನಡುವೆ ಹಿಸುಕಿ ನೋಡಬೇಕು. ಎಲ್ಲಾದರೂ ಗಂಟು ಸಿಕ್ಕಿದರೆ ಒಳಗೆ ಇನ್ನೂ ತೇವವಿದೆ. ಆ ತೇವ ಉಳಿದರೆ ಮುಗ್ಗಲು ವಾಸನೆ, ಆಮೇಲೆ ಬೂಷ್ಟು. ನಮ್ಮಲ್ಲಿ ಡ್ರೈಯರ್ ಇರುವ ಮನೆಗಳು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಲುಂಗಿ ಒಣಗುವುದೇ ಕಷ್ಟ. ಹೊದಿಕೆಯನ್ನು ಒಗೆಯದಿದ್ದರೂ ರಾತ್ರಿಯಿಡೀ ಮೈಯಿಂದ ಹೊರಬರುವ ಬೆವರಿನ ಆವಿ ಅದರೊಳಗೆ ಸೇರುತ್ತದೆ. ಹಗಲು ಅದು ಆರಿಹೋಗಬೇಕಾದರೆ ಸುತ್ತಲ ಗಾಳಿ ಒಣಗಿರಬೇಕು.

ಹಾಗೆಂದು ಡೌನ್ ಕೆಟ್ಟ ಸರಕೇನಲ್ಲ. ಷಿಕಾಗೋದಲ್ಲೋ ಟೊರಾಂಟೊದಲ್ಲೋ ನೆಲೆಸಿರುವ ಕನ್ನಡಿಗರಿಗೆ ಅದಕ್ಕಿಂತ ಒಳ್ಳೆಯ ಹೊದಿಕೆ ಸಿಗುವುದು ಕಷ್ಟ. ಅಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ ಕೆಳಗೆ. ಹೀಟರ್ ಹಾಕಿದ ಮನೆಯೊಳಗಿನ ಗಾಳಿ ಒಣಗಿರುತ್ತದೆ. ದೊಡ್ಡ ಡ್ರೈಯರ್ ಹತ್ತಿರದ ಲಾಂಡ್ರಿಯಲ್ಲೇ ಇರುತ್ತದೆ. ಅವರು ಫಿಲ್ ಪವರ್ ಜೊತೆಗೆ ಹೊಲಿಗೆಯನ್ನೂ ನೋಡಿ ಕೊಳ್ಳಬೇಕು. ಮೇಲಿನ ಮತ್ತು ಕೆಳಗಿನ ಬಟ್ಟೆಯನ್ನು ನೇರವಾಗಿ ಸೇರಿಸಿ ಹೊಲಿದಿದ್ದರೆ ಹೊಲಿಗೆಯ ಗೆರೆಯಲ್ಲಿ ತುಪ್ಪುಳೇ ಇರುವುದಿಲ್ಲ, ಅಲ್ಲಿಂದ ಚಳಿ ನುಗ್ಗುತ್ತದೆ. ಎರಡು ಬಟ್ಟೆಗಳ ನಡುವೆ ಪಟ್ಟಿಯ ಗೋಡೆ ಕೊಟ್ಟು ಪೆಟ್ಟಿಗೆಗಳಂತೆ ಮಾಡಿದ್ದು, ಬ್ಯಾಫಲ್ ಬಾಕ್ಸ್ ಎನ್ನುವುದು, ಕೊರೆಯುವ ಚಳಿಗೆ ಮೇಲು. ಮೇಲೊಂದು ಗವಸು ಹಾಕಿ, ಆಗಾಗ ಗಾಳಿಗೆ ಹರವಿ, ಎತ್ತಿಡುವಾಗ ಪ್ಲಾಸ್ಟಿಕ್ ಬದಲು ಹತ್ತಿಯ ಚೀಲದಲ್ಲಿ ಸಡಿಲವಾಗಿ ಇಟ್ಟರೆ ಹತ್ತಾರು ವರ್ಷ ಬಾಳುತ್ತದೆ.

ಬೆಂಗಳೂರಿನಲ್ಲೂ ಏಸಿ ಇದೆಯಲ್ಲ ಎಂದು ಕೇಳಬಹುದು. ಇಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪಮಾನವೇ ಸುಮಾರು 16 ಡಿಗ್ರಿ. ಕೋಣೆಯನ್ನು ಏಸಿಯಿಂದ 18 ಡಿಗ್ರಿಗಿಳಿಸಿ, ಅದರಿಂದ ಹುಟ್ಟಿದ ಚಳಿಗೆ ದುಬಾರಿ ಹೊದಿಕೆ ಹೊದೆಯುವುದು ಕರೆಂಟು, ಕಾಸು ಎರಡಕ್ಕೂ ದಂಡ. 24ರಲ್ಲಿಟ್ಟರೆ ತೆಳು ರಜಾಯಿ ಸಾಕು. ಡ್ರೈಕ್ಲೀನಿಂಗ್‌ಗೆ ಕೊಟ್ಟರಾಯಿತು ಎನ್ನುವವರಿಗೂ ಒಂದು ಮಾತು: ಅಲ್ಲಿ ಬಳಸುವ ದ್ರಾವಕ ತುಪ್ಪುಳಿನ ಸಹಜ ಎಣ್ಣೆಯಂಶವನ್ನು ತೆಗೆದು, ಅದನ್ನು ಪೆಡಸಾಗಿಸಬಹುದು. ತಯಾರಕರ ಚೀಟಿಯಲ್ಲಿ ಹೇಳದ ಹೊರತು ಅದು ಬೇಡ.

ಡೌನ್ ಬೇಡವೆನ್ನುವವರು ಕೊಡುವ ಕಾರಣಗಳನ್ನೂ ಒರೆಗೆ ಹಚ್ಚಬೇಕು. ಪುಕ್ಕದಿಂದ ಅಲರ್ಜಿ ಎಂಬುದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. 1990ರ ದಶಕದಲ್ಲಿ ನ್ಯೂಜಿಲೆಂಡಿನ ಸಂಶೋಧಕರು ದಿಂಬುಗಳನ್ನು ಪರೀಕ್ಷಿಸಿದಾಗ, ದೂಳುಹುಳದ ಅಲರ್ಜಿಕಾರಕ ಅಂಶ ಪುಕ್ಕದವಕ್ಕಿಂತ ಕೃತಕ ನಾರಿನವುಗಳಲ್ಲೇ ಹೆಚ್ಚು ಕಂಡಿತ್ತು. ತುಪ್ಪುಳು ಹೊರಬರದಿರಲೆಂದು ಬಟ್ಟೆಯನ್ನು ಒತ್ತಾಗಿ ನೇಯುವುದು ಇದಕ್ಕೆ ಕಾರಣವಿರಬಹುದು. ಹಕ್ಕಿಗಳ ಹಿಂಸೆಯ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕಲಾಗದು. ಡೌನ್ ಹೆಚ್ಚಾಗಿ ಮಾಂಸೋದ್ಯಮದ ಉಪಉತ್ಪನ್ನವಾದರೂ ಜೀವಂತ ಹಕ್ಕಿಯಿಂದಲೇ ಕೀಳುವ ಪದ್ಧತಿ ಇದ್ದದ್ದು ನಿಜ. ಅದನ್ನು ನಿಷೇಧಿಸುವ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ 2014ರಲ್ಲಿ ಬಂತು. ಕೊಳ್ಳುವವರು ಆ ಗುರುತನ್ನಾದರೂ ಕೇಳಿ ಪಡೆಯಲಿ.

ನಮ್ಮ ಹವೆಗೆ ಒಗ್ಗುವ ಹೊದಿಕೆಗಳಿಗೇನೂ ಬರವಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಉತ್ತರ ಕರ್ನಾಟಕದ ಕೌದಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಕಲ್ಲಿನ ಮೇಲೆ ಒಗೆದು, ಬಿಸಿಲಿಗೆ ಹರವಬಹುದು. ದಖ್ಖನಿ ಕುರಿಯ ಉಣ್ಣೆಯ ಕಂಬಳಿಯಂತೂ ಒಂದಿಷ್ಟು ತೇವವಾದರೂ ಬೆಚ್ಚಗಿಡುತ್ತದೆ. ಕುರಿಗಾಹಿಗಳು ಮಳೆಯಲ್ಲೂ ಅದನ್ನೇ ಹೊದೆಯುವುದು ಸುಮ್ಮನೆ ಅಲ್ಲ. ಭಾರ ಹೆಚ್ಚು, ಕಂಬಳಿಯಾದರೆ ಚುಚ್ಚುತ್ತದೆ ಎಂಬುದು ಸುಳ್ಳಲ್ಲ. ಒಳಗೊಂದು ಹತ್ತಿ ದುಪ್ಪಟಿ ಹೊದ್ದರೆ ಚುಚ್ಚುವುದು ತಪ್ಪುತ್ತದೆ. ಇಷ್ಟಾದ ಮೇಲೂ ಡೌನ್ ಕಂಫರ್ಟರೇ ಬೇಕೆನಿಸಿದರೆ ಅಂಗಡಿಗೆ ಹೋಗುವ ಮುನ್ನ ಹತ್ತಿರದ ಲಾಂಡ್ರಿಗೆ ಹೋಗಿ, ಅದು ಹಿಡಿಸುವಷ್ಟು ದೊಡ್ಡ ಡ್ರೈಯರ್ ಇದೆಯೇ, ಒಮ್ಮೆ ಒಣಗಿಸಲು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿ. ಆ ಖರ್ಚನ್ನೂ ಸೇರಿಸಿದರೇ ಅದರ ನಿಜವಾದ ಬೆಲೆ ತಿಳಿಯುವುದು.