ಮಾವನ ಕ್ಯಾಸೆಟ್ಟು ಮತ್ತು ನಾನು ಒರೆಸಿಹಾಕಿದ ತಂಬೂರಿ

ಮೊನ್ನೆ ಒಂದು ತಪ್ಪು ಮಾಡಿದೆ. ಸೋದರಮಾವ ಎಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ ಕೂತು ಟೇಪ್ ಮಾಡಿಕೊಂಡಿದ್ದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ತಪ್ಪು ಅದಲ್ಲ. ಇಳಿಸಿದ ಮೇಲೆ ‘ಕ್ಲೀನ್’ ಮಾಡಿದೆ ನೋಡಿ, ಅದು.

ಸಂಗೀತ ಇಲ್ಲದ, ಬರೀ ಗದ್ದಲ ಇರುವ ಎರಡು ಸೆಕೆಂಡು ತೋರಿಸು, ಅಂಥದ್ದನ್ನೆಲ್ಲ ತೆಗೆದುಬಿಡ್ತೀನಿ ಅನ್ನುತ್ತೆ ಸಾಫ್ಟ್‌ವೇರು. ಎರಡು ಕೃತಿಗಳ ನಡುವಿನ ಬಿಡುವನ್ನು ತೋರಿಸಿದೆ. ಆದರೆ ನಮ್ಮ ಕಚೇರಿಯಲ್ಲಿ ತಂಬೂರಿ ಸುಮ್ಮನಿರುವುದು ಯಾವಾಗ? ಒಂದೇ ಸಮ ಮೊಳಗುವ ತಂಬೂರಿಯೂ, ಟೇಪಿನ ಸುಯ್ ಎನ್ನುವ ಸದ್ದೂ ಆ ಯಂತ್ರಕ್ಕೆ ಒಂದೇ. ಎರಡನ್ನೂ ಗುಡಿಸಿಹಾಕಿತು. ಉಳಿದ ಹಾಡಿಕೆ ನೀರೊಳಗಿಂದ ಬಂದಂತೆ ಗುಳುಗುಳು. ಮಧ್ಯೆ ಮಧ್ಯೆ ಬರುತ್ತಿದ್ದ ಮಾವನ ‘ಭೇಷ್’ ಕೂಡ ಯಾರದೋ ದನಿಯ ಹಾಗಾಯಿತು. ಅವರು ಹೋಗಿ ಹತ್ತು ವರ್ಷ. ಅವರ ದನಿ ನಮ್ಮಲ್ಲಿ ಉಳಿದಿರುವುದು ಇಂಥ ಕ್ಯಾಸೆಟ್ಟುಗಳಲ್ಲೇ. ಸಾಲದ್ದಕ್ಕೆ ಮೂಲ ಫೈಲಿನ ಮೇಲೇ ಸೇವ್ ಮಾಡಿದ್ದೆ, ಜಾಣ ನಾನು!

ಇಂಗ್ಲಿಷಿನವರು ಬೂಟ್‌ಲೆಗ್ ಅನ್ನುವ ಈ ಕದ್ದು ಮಾಡಿದ ರೆಕಾರ್ಡಿಂಗುಗಳನ್ನು ಅಂಗಡಿಯ ಸಿ.ಡಿ.ಯ ಕಳಪೆ ನಕಲು ಅಂತ ನೋಡುವುದೇ ತಪ್ಪು ಅಂತ ನನಗೆ ಈಗ ಅನ್ನಿಸಿದೆ. ಅವು ಬೇರೆ ವಸ್ತು. ಮಿಕ್ಸರಿನಿಂದ ನೇರವಾಗಿ ವೈರ್ ಎಳೆದು ಮಾಡಿದ ರೆಕಾರ್ಡಿಂಗ್ ಕೇಳಿ. ಗಾಯಕರು ಕಿವಿಯಲ್ಲೇ ಹಾಡಿದಂತಿರುತ್ತೆ, ಚಪ್ಪಾಳೆ ಮಾತ್ರ ಎಲ್ಲೋ ದೂರದಲ್ಲಿ. ಸಣ್ಣ ಸಭಾಂಗಣವಾದರೆ ಮೃದಂಗ ಬಡಕಲು, ಯಾಕೆಂದರೆ ಅದು ತಾನಾಗಿಯೇ ಜೋರು, ಮೈಕಿಗೆ ಕೊಡುವುದು ಕಮ್ಮಿ. ಮಿಕ್ಸರಿನಲ್ಲಿ ಇರುವುದು ಸಭೆಗೆ ಬೇಕಾದ ಪಾಕ, ನಮ್ಮ ಮನೆಗೆ ಬೇಕಾದ್ದಲ್ಲ.

ಜನರ ನಡುವೆ ಕೂತು ಮಾಡಿದ್ದರಲ್ಲಿ ಎಲ್ಲವೂ ಗಾಳಿಯಲ್ಲಿ ಕಲೆತು ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತೆ. ಹದಿನೇಳು ಮೀಟರು ಹಿಂದೆ ಕೂತರೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ ತಡ. ಅದರ ಮೇಲೆ ಗೋಡೆಗೆ ತಾಗಿ ಬಂದ ಸದ್ದು, ಇನ್ನೊಂದು ಸ್ಪೀಕರಿನ ಸದ್ದು. ಅಲ್ಲೇ ಕೂತಿದ್ದಾಗ ಇಷ್ಟೊಂದು ಮಾರ್ದನಿ ಇತ್ತಾ ಅಂತ ಆಮೇಲೆ ಅನುಮಾನ ಬರುತ್ತದಲ್ಲ? ಇತ್ತು. ಎರಡು ಕಿವಿಯಿಂದ ಮೆದುಳು ಬೇಡದ್ದನ್ನು ಹಿಂದಕ್ಕೆ ತಳ್ಳುತ್ತಿತ್ತು. ಮಾವನ ಟೇಪ್‌ರೆಕಾರ್ಡರಿಗೆ ಇದ್ದದ್ದು ಒಂದೇ ಕಿವಿ.

ಆ ರೆಕಾರ್ಡರಿಗೆ ಇನ್ನೊಂದು ಚಾಳಿಯಿತ್ತು. ಸದ್ದು ಜೋರಾದರೆ ತಾನೇ ತಗ್ಗಿಸುವುದು, ಕಡಿಮೆಯಾದರೆ ತಾನೇ ಏರಿಸುವುದು. ಮೃದಂಗದ ಗುಮಕಿ ಬಿದ್ದಾಗೆಲ್ಲ ಗಾಯನ ಮುಳುಗಿ ನಿಧಾನಕ್ಕೆ ಮೇಲೆ ಬರುತ್ತೆ, ಹಾಡು ನಿಂತರೆ ಸಾಕು, ಪಕ್ಕದವರ ಕೆಮ್ಮು ದೊಡ್ಡದಾಗುತ್ತೆ. ಸೆಲ್ಲು ಸೊರಗಿದರೆ ಟೇಪು ನಿಧಾನವಾಗಿ ಓಡುತ್ತೆ. ಅದನ್ನೇ ಮನೆಯಲ್ಲಿ ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಮೇಲೆ! ನೂರಕ್ಕೆ ಆರರಷ್ಟು ನಿಧಾನವಾದರೆ ಸಾಕು, ಒಂದು ಮನೆ ಶ್ರುತಿಯಲ್ಲಿ ಹಾಡಿದವರು ಒಂದೂವರೆಗೆ ಏರಿರುತ್ತಾರೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ನಲವತ್ತೈದೇ ನಿಮಿಷವಾದ್ದರಿಂದ, ಆಲಾಪನೆ ಅರ್ಧದಲ್ಲಿ ‘ಟಕ್’.

ಈ ಟಕ್, ಈ ಕೆಮ್ಮು ಎಲ್ಲ ಸೇರಿಯೇ ಅವತ್ತಿನ ಕಚೇರಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಗ್ರಂಥಪಾಲಕ ಲಯನೆಲ್ ಮೇಪಲ್‌ಸನ್ 1901ರಿಂದ 1903ರವರೆಗೆ ರಂಗದ ಮೇಲಿನ ಅಟ್ಟಣೆಯಂಥ ಜಾಗಗಳಲ್ಲಿ ಫೋನೋಗ್ರಾಫ್ ಇಟ್ಟು ಮೇಣದ ಸಿಲಿಂಡರುಗಳಲ್ಲಿ ಒಂದೆರಡು ನಿಮಿಷದ ತುಣುಕುಗಳನ್ನು ಹಿಡಿದ. ಕರಕರ ಸದ್ದಿನ ನಡುವೆ ದನಿಯನ್ನು ಹುಡುಕಿಕೊಳ್ಳಬೇಕು. ಆದರೂ ಇವತ್ತಿಗೂ ಜನ ಕೇಳುತ್ತಾರೆ, ತುಂಬಿದ ರಂಗಮಂದಿರದಲ್ಲಿ ಆ ಕಾಲದ ಗಾಯಕರು ಹೇಗೆ ಹಾಡಿದರು ಅನ್ನುವುದಕ್ಕೆ ಬೇರೆ ದಾರಿ ಎಲ್ಲಿದೆ?

ಹಾಗಂತ ಕದ್ದು ಟೇಪ್ ಮಾಡುವುದೆಲ್ಲ ಪುಣ್ಯದ ಕೆಲಸ ಅಂತ ನಾನು ಹೇಳುತ್ತಿಲ್ಲ. ಕಲಾವಿದರ ಹಕ್ಕನ್ನು ನಮ್ಮ ಕಾಯ್ದೆ 1994ರಲ್ಲೇ ಒಪ್ಪಿದೆ. ಸ್ವಂತಕ್ಕೆ ಮಾಡಿಕೊಂಡರೆ ಅಡ್ಡಿಯಿಲ್ಲ, ಹಂಚುವುದು, ಮಾರುವುದು ಬೇರೆ ಮಾತು. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡದವರು 1984ರಲ್ಲಿ ಟೇಪ್ ಮಾಡುವವರಿಗೆ ಅಂತಲೇ ಮಿಕ್ಸರಿನ ಹಿಂದೆ ಜಾಗ ಬಿಟ್ಟುಕೊಟ್ಟರು. ನಮ್ಮ ಸಭೆಗಳೂ ಹಾಗೆ ಒಂದು ಸಾಲು ಕೊಟ್ಟರೆ ಮೊಬೈಲ್ ಎತ್ತಿ ಹಿಡಿದು ಹಿಂದಿನವರ ಕಣ್ಣಿಗೆ ಅಡ್ಡ ಬರುವುದಾದರೂ ತಪ್ಪೀತು :-)

ನಿಮ್ಮ ಅಟ್ಟದಲ್ಲೂ ಇಂಥ ಕ್ಯಾಸೆಟ್ಟು ಇದ್ದರೆ ಇಳಿಸಿ, ಆದರೆ ಮೂಲವನ್ನು ಮುಟ್ಟಬೇಡಿ. ಶ್ರುತಿ ತಿದ್ದುವುದು, ಸದ್ದು ತೆಗೆಯುವುದು ಏನಿದ್ದರೂ ಇನ್ನೊಂದು ಪ್ರತಿಯಲ್ಲಿರಲಿ. ನಾನೀಗ ಮಾವನ ಕ್ಯಾಸೆಟ್ಟನ್ನು ಮತ್ತೆ ಮೊದಲಿಂದ ಇಳಿಸಬೇಕು. ಆದರೆ ಪ್ಲೇಯರಿನ ಬೆಲ್ಟು ಮೊನ್ನೆಯೇ ಹರಿಯಿತು. ಎಸ್.ಪಿ. ರೋಡಿನಲ್ಲಿ ಈಗಲೂ ಅಂಥ ಬೆಲ್ಟು ಇಟ್ಟಿರುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.