ನಮ್ಮ ಮಕ್ಕಳನ್ನು ಆರಿಸುವವರು ಯಾರು? ಏನು ನೋಡಿ ಆರಿಸುತ್ತಾರೆ?



2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತ ಪುರುಷರ ತಂಡವನ್ನು ನೆನಪಿಸಿಕೊಳ್ಳಿ. ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ನಾಲ್ಕು ಜನ, ನಾಲ್ವರೂ ಕೊಡಗಿನವರು. ಮುಂದಿನದು ಟೋಕಿಯೊ. 41 ವರ್ಷಗಳ ಮೇಲೆ ಪದಕ ಬಂತು, ನಾವೂ ಪಟಾಕಿ ಹೊಡೆದೆವು. ಆ ತಂಡದಲ್ಲಿ ಕರ್ನಾಟಕದ ಒಬ್ಬನೇ ಒಬ್ಬ ಆಟಗಾರನೂ ಇರಲಿಲ್ಲ. 2024ರ ಪ್ಯಾರಿಸ್‌ನಲ್ಲೂ ಅದೇ. ಆ ಎರಡೂ ತಂಡಗಳು ತಿಂಗಳುಗಟ್ಟಲೆ ಬೆವರು ಸುರಿಸಿದ್ದು ಮಾತ್ರ ನಮ್ಮ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಅಂಗಳದಲ್ಲೇ.

ಹಿಂದೆ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆಡಿದ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ, ಮಾಸ್ಕೊದಲ್ಲಿ ಚಿನ್ನ ಗೆದ್ದ ಎಂ.ಎಂ. ಸೋಮಯ್ಯ. ಇಂಥ ಹೆಸರುಗಳನ್ನು ಕೊಟ್ಟ ನೆಲ ಒಮ್ಮೆಲೇ ಬಂಜರಾಯಿತೇ? ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ತಂಡ. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಅದೇ ಹಬ್ಬದ ಮುದ್ದಂಡ ಕಪ್‌ಗೆ ಹೆಸರು ಕೊಟ್ಟದ್ದು 396 ಕುಟುಂಬ. 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪುರುಷರ ಹಾಕಿ ಚಿನ್ನ ಗೆದ್ದದ್ದು ಕರ್ನಾಟಕ. 2023ರ ಜೂನಿಯರ್ ವಿಶ್ವಕಪ್ ತಂಡದಲ್ಲಿ ಗೋಲ್‌ಕೀಪರ್ ಮೋಹಿತ್ ಇದ್ದರು, ಮಿಡ್‌ಫೀಲ್ಡ್‌ನಲ್ಲಿ ಪೂವಣ್ಣ ಇದ್ದರು. 2024ರ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದ ತಂಡದಲ್ಲಿ ಬೆಂಗಳೂರಿನ ಮೊಹಮ್ಮದ್ ರಾಹೀಲ್ ಇದ್ದರು. ಬಾಗಿಲ ತನಕ ನಮ್ಮವರು ಹೋಗುತ್ತಿದ್ದಾರೆ. ಒಳಗೆ ಹೋಗಿ ನಿಲ್ಲುವವರು ಕಡಿಮೆಯಾಗಿದ್ದಾರೆ.

ಹಾಗಾಗಿ ನಾವು ಕೇಳುತ್ತಿರುವುದು ಆಟದ ಬಗ್ಗೆ ಅಲ್ಲ, ಆಯ್ಕೆಯ ಬಗ್ಗೆ. ಹದಿಮೂರು, ಹದಿನಾಲ್ಕರ ಮಕ್ಕಳಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತೀರ್ಮಾನಿಸುವ ಆಯ್ಕೆಗಾರರು, ಕೋಚುಗಳು, ತಂಡದ ಮ್ಯಾನೇಜರುಗಳು ಇದ್ದಾರಲ್ಲ, ಅವರ ತೀರ್ಮಾನಗಳನ್ನು ತೂಗಿ ನೋಡುವ ಹಕ್ಕು ನಮಗಿದೆ. ಮಕ್ಕಳು ನಮ್ಮವರು.

ಪೊನ್ನಂಪೇಟೆಯ ಟರ್ಫ್ ಪಕ್ಕ ಅರ್ಧ ಗಂಟೆ ನಿಂತು ನೋಡಿ. ಎಲ್ಲರ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ನೀವು ಚೆಂಡನ್ನು ಬಿಟ್ಟು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮಾತ್ರ ನೋಡಿ. ಪಾಸ್ ಬರುವ ಮೊದಲೇ ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಎಂದು ನೋಡಿಕೊಳ್ಳುತ್ತಾರಾ? ಸ್ಟಿಕ್ಕಿಗೆ ತಾಗಿದ ಚೆಂಡು ಅಲ್ಲೇ ಕೂರುತ್ತದಾ, ಎರಡು ಅಡಿ ಆಚೆ ಹಾರುತ್ತದಾ? ಚೆಂಡು ಕಳಕೊಂಡ ಮೇಲೆ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾರಾ, ಅದೇ ಉಸಿರಿನಲ್ಲಿ ತಿರುಗಿ ಓಡುತ್ತಾರಾ? ಎರಡು ಗೋಲು ಹಿಂದೆ ಬಿದ್ದಾಗ ಪಾಸ್ ಕೇಳಿ ಪಡೆಯುತ್ತಾರಾ? ಎತ್ತರ ಅಳೆದು, ಮೂವತ್ತು ಮೀಟರ್ ಓಡಿಸಿ, ಡಿ ಒಳಗಿಂದ ನಾಲ್ಕು ಹೊಡೆತ ಹೊಡೆಸಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಪಂದ್ಯದಲ್ಲಿ ನೋಡಬೇಕು, ಮೂರು ನಾಲ್ಕು ಪಂದ್ಯ ನೋಡಬೇಕು.

ಇನ್ನೊಂದು ವಿಷಯ, ಇದನ್ನು ಪೋಷಕರು ಗಮನವಿಟ್ಟು ಓದಿ. ವಯಸ್ಸಿನ ವಿಭಾಗಕ್ಕೆ ಜನವರಿ 1 ಗಡಿ ಎಂದಿಟ್ಟುಕೊಳ್ಳಿ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹದಿಮೂರನೇ ವಯಸ್ಸಿನಲ್ಲಿ ಆ ಹನ್ನೊಂದು ತಿಂಗಳು ಎಂದರೆ ಕಣ್ಣಿಗೆ ಕಾಣುವಷ್ಟು ಎತ್ತರ, ಅಷ್ಟೇ ಬಲ. ಮೊದಲು ಬೆಳೆದವನನ್ನು ಪ್ರತಿಭಾವಂತ ಎನ್ನುತ್ತೇವೆ, ತಡವಾಗಿ ಬೆಳೆಯುವವನನ್ನು ಹಿಂದಕ್ಕೆ ಕಳಿಸುತ್ತೇವೆ. ಹದಿನೇಳಕ್ಕೆ ಇಬ್ಬರೂ ಸಮ ಆಗುವ ಹೊತ್ತಿಗೆ ಎರಡನೆಯವನು ಸ್ಟಿಕ್ ಬಿಟ್ಟು ಬೇರೆ ದಾರಿ ಹಿಡಿದಿರುತ್ತಾನೆ. ಟರ್ಫ್ ವಿಷಯವೂ ಹೀಗೇ. ಮಣ್ಣಿನ ಮೈದಾನದಲ್ಲಿ ಪುಟಿಯುವ ಚೆಂಡಿಗೆ ಒಗ್ಗಿದ ಮಗು ನೀರು ಹಾಯಿಸಿದ ನೀಲಿ ಟರ್ಫ್ ಮೇಲೆ ಮೊದಲ ದಿನ ತಡವರಿಸುತ್ತದೆ. ಚೆಂಡು ನೆಲಕ್ಕಂಟಿ ಜಾರುತ್ತದೆ, ಸೊಂಟ ಬಗ್ಗಿಸಿ ಕೆಳಗಿಳಿಯಬೇಕು, ಅದಕ್ಕೆ ಕೆಲವು ವಾರ ಬೇಕು. ಆ ಮೊದಲ ದಿನವೇ ಟ್ರಯಲ್ಸ್ ಆದರೆ ಟರ್ಫ್ ಇಲ್ಲದ ಊರಿನ ಮಕ್ಕಳು ಸೋತಂತೆಯೇ.

ನೋಡುವ ಕಣ್ಣು ಸಣ್ಣ ಪಂದ್ಯಕ್ಕೂ ಬಂದು ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಮಧ್ಯಪ್ರದೇಶದ ವಿವೇಕ್ ಸಾಗರ್ ಪ್ರಸಾದ್ ಇದ್ದಾರೆ. ಅಕೋಲಾದ ಟೂರ್ನಿಯೊಂದರಲ್ಲಿ ಆಡುತ್ತಿದ್ದ ಆ ಸಣ್ಣ ಮೈಕಟ್ಟಿನ ಹುಡುಗನನ್ನು ಗುರುತಿಸಿದವರು ಧ್ಯಾನ್‌ಚಂದ್ ಅವರ ಮಗ ಅಶೋಕ್ ಕುಮಾರ್. ಭೋಪಾಲದ ರಾಜ್ಯ ಅಕಾಡೆಮಿಗೆ ಕರೆತಂದರು. ಆ ಹುಡುಗ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಕಂಚು ಗೆದ್ದ. ಒಡಿಶಾ 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕ ರಾಜ್ಯ, ಸುಂದರಗಢ ಜಿಲ್ಲೆಯ ಹಳ್ಳಿ ಮಕ್ಕಳು ಅಲ್ಲಿಂದ ನೇರ ಭಾರತ ತಂಡಕ್ಕೆ ಬರುತ್ತಿದ್ದಾರೆ. ನಮ್ಮ ಹಾಕಿ ಹಬ್ಬಕ್ಕೆ ಸಾವಿರಾರು ಜನ ಬಂದು ಕೂರುತ್ತೇವೆ. ಅವರ ನಡುವೆ ನೋಟ್‌ಬುಕ್ ಹಿಡಿದ ರಾಜ್ಯದ ಆಯ್ಕೆಗಾರ ಒಬ್ಬರಾದರೂ ಮೊದಲ ಸುತ್ತಿನಿಂದ ಕೊನೆತನಕ ಕೂರಲಿ ಎಂಬುದು ನಮ್ಮ ಮೊದಲ ಬೇಡಿಕೆ.

ಎರಡನೆಯದು ಲೀಗ್ ತಂಡ. ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರಿನಲ್ಲಿ ಮತ್ತೆ ಶುರುವಾದಾಗ ಪುರುಷರ ಎಂಟು ತಂಡಗಳಿದ್ದವು. ಹೈದರಾಬಾದಿಗೆ ಒಂದು, ತಮಿಳುನಾಡಿಗೆ ಒಂದು. ಕರ್ನಾಟಕಕ್ಕೆ ಇಲ್ಲ. ಪ್ರತಿ ತಂಡದ 24 ಆಟಗಾರರಲ್ಲಿ ನಾಲ್ವರು ಭಾರತದ ಜೂನಿಯರ್‌ಗಳು ಇರಲೇಬೇಕೆಂಬ ನಿಯಮ ಅಲ್ಲಿತ್ತು. ನಮ್ಮದೇ ತಂಡ, ನಮ್ಮ ಮಕ್ಕಳ ಆಟ ಗೊತ್ತಿರುವ ಮ್ಯಾನೇಜರ್ ಇದ್ದರೆ ಆ ನಾಲ್ಕು ಜಾಗಕ್ಕೆ ಕೂಡಿಗೆಯಿಂದಲೋ ಪೊನ್ನಂಪೇಟೆಯಿಂದಲೋ ಒಬ್ಬರನ್ನು ಕರೆಯುತ್ತಿದ್ದರು. ವಿದೇಶಿ ಕೋಚ್ ಕೈಕೆಳಗೆ, ಒಲಿಂಪಿಯನ್‌ಗಳ ಪಕ್ಕ ನಿಂತು ಆಡುವ ಒಂದು ತಿಂಗಳು ಎಷ್ಟೋ ವರ್ಷದ ಶಿಬಿರಕ್ಕೆ ಸಮ. ಬೆಂಗಳೂರಿನಲ್ಲಿ ದುಡ್ಡಿರುವ ಕಂಪನಿಗಳಿಗೆ ಬರವಿಲ್ಲ. ಸರ್ಕಾರ ಅವರನ್ನು ಕೂರಿಸಿ ಮಾತಾಡಲಿ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಕ್ರೀಡಾ ಹಾಸ್ಟೆಲ್ ಇರಲಿ, ಜಿಲ್ಲಾ ತಂಡ ಇರಲಿ, ರಾಜ್ಯ ತಂಡ ಇರಲಿ, ಟ್ರಯಲ್ಸ್ ಮುಗಿದ ಸಂಜೆಯೇ ನೋಟಿಸ್ ಬೋರ್ಡಿನಲ್ಲಿ ಮೂರು ವಿಷಯ ಇರಬೇಕು: ಆರಿಸಿದವರ ಹೆಸರು, ಪ್ರತಿ ಮಗುವಿನ ಅಂಕ, ಕೈಬಿಟ್ಟ ಮಗುವಿಗೆ ಎರಡು ಸಾಲಿನ ಕಾರಣ. ಯಾರ ಮೇಲೂ ನಾವು ಆರೋಪ ಹೊರಿಸುತ್ತಿಲ್ಲ. ಪ್ರಾಮಾಣಿಕವಾಗಿ ಆರಿಸುವವರಿಗೆ ಕಾರಣ ಬರೆಯುವುದು ಕಷ್ಟವಲ್ಲ. ಕಾರಣ ಗೊತ್ತಾದ ಮಗು ಮುಂದಿನ ವರ್ಷ ಅದನ್ನು ತಿದ್ದಿಕೊಂಡು ಬರುತ್ತದೆ, ಗೊತ್ತಾಗದ ಮಗು ಬರುವುದೇ ಇಲ್ಲ.

ಈಗ ನೀವು ಮಾಡಬೇಕಾದದ್ದು. ನಿಮ್ಮ ಊರಿನ ಶಾಲೆ, ಕಾಲೇಜು ಪಂದ್ಯಗಳಿಗೆ ಬನ್ನಿ. ಕಣ್ಣಿಗೆ ಬಿದ್ದ ಮಗುವಿನ ಹೆಸರು, ಶಾಲೆ, ಆಡುವ ಜಾಗ, ನೀವು ಕಂಡದ್ದನ್ನು ಬರೆದು ಜಿಲ್ಲಾ ಹಾಕಿ ಸಂಸ್ಥೆಗೆ ಕೊಡಿ, ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ಹಿರಿಯ ಆಟಗಾರರೇ, ನಿಮ್ಮ ಕಣ್ಣಿಗೆ ಬೆಲೆ ಇದೆ, ದಯವಿಟ್ಟು ಮನೆಯಲ್ಲಿ ಕೂರಬೇಡಿ. ನಿಮ್ಮ ಶಾಸಕರು ಸಿಕ್ಕಾಗ ಲೀಗ್ ತಂಡದ ವಿಷಯ ಎತ್ತಿ, ಮತ್ತೆ ಸಿಕ್ಕಾಗ ಮತ್ತೆ ಎತ್ತಿ. ಮಗುವಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅಂಕಪಟ್ಟಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅರ್ಜಿ ಬರೆದು ಗೊತ್ತಿಲ್ಲದವರಿಗೆ ಬರೆದುಕೊಡಲು ಹಬ್ಬ ಮುಗಿಯುವ ತನಕ ಮೈದಾನದ ಗೇಟಿನ ಬಳಿ ಮೇಜು ಹಾಕಿಕೊಂಡು ಕೂತಿರುತ್ತೇವೆ. ಬರುವಾಗ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತನ್ನಿ, ಮಗುವನ್ನೂ ಕರೆತನ್ನಿ.

ಹಾಕಿ ಪ್ರೇಮಿಗಳು ಮತ್ತು ಪೋಷಕರು