ಕ್ಷಯನಿದಾನದ ಒರೆಗಲ್ಲು

ಚಿನ್ನದ ಶುದ್ಧಿಯನ್ನು ಒರೆಗಲ್ಲು ತಿಳಿಸುತ್ತದೆ. ಒರೆಗಲ್ಲೇ ದೋಷಯುಕ್ತವಾಗಿದ್ದರೆ ಅಪ್ಪಟ ಚಿನ್ನವೂ ಹಿತ್ತಾಳೆಯೆನಿಸಬಹುದು. ವೈದ್ಯಶಾಸ್ತ್ರದಲ್ಲಿ ಈ ಸಂಕಟಕ್ಕೆ ಕ್ಷಯರೋಗದ ನಿದಾನಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ಜೀವಾಣುವನ್ನು ಲೋಕಕ್ಕೆ ತೋರಿಸಿಕೊಟ್ಟ ಬಳಿಕ, ಸೂಕ್ಷ್ಮದರ್ಶಕದಲ್ಲಿ ಕಫವನ್ನು ಪರಿಶೀಲಿಸುವುದೇ ಬಹುಕಾಲ ರೂಢಿಯ ಮಾರ್ಗವಾಯಿತು. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಜೀವಾಣುಗಳಿದ್ದಲ್ಲದೆ ಅವು ಅಲ್ಲಿ ಗೋಚರಿಸವು. ಜೀವಾಣುಗಳನ್ನು ಬೆಳೆಸಿ ನೋಡುವ ಕಲ್ಚರ್ ವಿಧಾನಕ್ಕೆ ವಾರಗಟ್ಟಲೆ ಕಾಯಬೇಕಾದರೂ ನೂರರಷ್ಟಿದ್ದರೆ ಸಾಕು. ಆದುದರಿಂದ ಅದಕ್ಕೆ ಪ್ರಮಾಣದ ಪದವಿ ದೊರೆಯಿತು. ಪದವಿ ದೊರೆತ ಮಾತ್ರಕ್ಕೆ ಅದು ನಿರ್ದುಷ್ಟವಾಗಲಿಲ್ಲ. ಕಫ ಉಗುಳಲರಿಯದ ಎಳೆಯ ಮಕ್ಕಳಲ್ಲಿ ರೋಗವಿದ್ದೂ ಕಲ್ಚರ್‌ನಲ್ಲಿ ಏನೂ ಬೆಳೆಯದಿರುವುದು ಸಾಮಾನ್ಯ.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಮನ್ನಣೆಯಿತ್ತಿತು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಟ್ರೂನ್ಯಾಟ್‌ಗೆ 2020ರಲ್ಲಿ ಅದೇ ಗೌರವ ಸಂದುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಇವು ಜೀವಾಣುವಿನ ಡಿಎನ್‌ಎಯನ್ನೇ ಅರಸುತ್ತವೆ. ಇಂಥ ಪರೀಕ್ಷೆಗೆ ಕಲ್ಚರನ್ನೇ ಅಳತೆಗೋಲಾಗಿಟ್ಟು ಬೆಲೆ ಕಟ್ಟಿದಾಗ ವಿಚಿತ್ರವೊಂದು ಸಂಭವಿಸುತ್ತದೆ. ನೂರು ಮಂದಿ ರೋಗಿಗಳಲ್ಲಿ ಕಲ್ಚರ್ ಎಂಬತ್ತು ಮಂದಿಯನ್ನು ಮಾತ್ರ ಗುರುತಿಸಿತು, ಹೊಸ ಪರೀಕ್ಷೆ ನೂರು ಮಂದಿಯನ್ನೂ ಗುರುತಿಸಿತು ಎಂದು ಕಲ್ಪಿಸಿದರೆ, ಉಳಿದ ಇಪ್ಪತ್ತು ಹೊಸದರ ತಪ್ಪುಗಳೆಂದು ಲೆಕ್ಕಕ್ಕೆ ಬೀಳುತ್ತವೆ. ಗುರುವಿಗಿಂತ ಹೆಚ್ಚು ಬಲ್ಲ ಶಿಷ್ಯನಿಗೆ ಅಂಕ ಕಳೆದಂತಾಯಿತು!

ಹಾಗೆಂದು ಹೊಸದರ ನುಡಿಯೆಲ್ಲವೂ ಸತ್ಯವೆನ್ನಲಾಗದು. ಚಿಕಿತ್ಸೆಯಿಂದ ಗುಣಹೊಂದಿದವನ ಕಫದಲ್ಲಿ ಸತ್ತ ಜೀವಾಣುಗಳ ಡಿಎನ್‌ಎ ಉಳಿದಿರಬಹುದು. ಅಲ್ಲಿ ಕಲ್ಚರೇ ಸರಿ. ಎರಡರ ಫಲ ಭಿನ್ನವಾದ ಮಾದರಿಗಳನ್ನಷ್ಟೇ ಮೂರನೆಯ ಪರೀಕ್ಷೆಗೊಪ್ಪಿಸಿ ತೀರ್ಪು ಪಡೆಯುವ ಕ್ರಮವೊಂದುಂಟು. 1990ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರು ಅದನ್ನು ಖಂಡಿಸಿದುದು ಯುಕ್ತವೇ. ಎರಡು ಓಲೆಪ್ರತಿಗಳಲ್ಲಿಯೂ ಒಂದೇ ಅಪಪಾಠ ನುಸುಳಿರಬಹುದು. ಪಾಠಾಂತರವಿರುವಲ್ಲಿ ಮಾತ್ರ ಕಣ್ಣಿಟ್ಟು ಉಳಿದುದನ್ನು ಶುದ್ಧವೆಂದು ಅಂಗೀಕರಿಸುವ ಸಂಪಾದಕನು ಗ್ರಂಥವನ್ನು ಕೆಡಿಸುತ್ತಾನೆ. ಮೇಲಾಗಿ ಆ ಕ್ರಮದ ಲಾಭ ಬಹುಮಟ್ಟಿಗೆ ಹೊಸ ಪರೀಕ್ಷೆಗೇ ಸಲ್ಲುತ್ತದೆ.

ಸರಿಯಾದ ದಾರಿ ದೀರ್ಘವಾದುದು, ವೆಚ್ಚದ್ದು ಸಹ. ಆದರೆ ರೋಗವಿಲ್ಲವೆನಿಸಿಕೊಂಡು ಮನೆಗೆ ಮರಳಿದ ರೋಗಿ ಕೂಸೂ, ಇಲ್ಲದ ರೋಗಕ್ಕೆ ಆರು ತಿಂಗಳು ಔಷಧ ನುಂಗಿದ ಗೃಹಸ್ಥನೂ ತೆರುವ ಬೆಲೆಗಿಂತ ಆ ವೆಚ್ಚ ಹೆಚ್ಚಲ್ಲ. ಪರೀಕ್ಷೆಗೊಳಪಟ್ಟ ಎಲ್ಲರಲ್ಲಿಯೂ ಕಲ್ಚರ್, ಎಕ್ಸ್‌ರೇ, ರೋಗಲಕ್ಷಣ, ತಿಂಗಳುಗಳ ಅನಂತರದ ದೇಹಸ್ಥಿತಿ ಇವೆಲ್ಲವನ್ನೂ ಕೂಡಿಸಿ, ಮೊದಲೇ ಗೊತ್ತುಪಡಿಸಿದ ನಿಯಮದಂತೆ ನಿರ್ಣಯಿಸಬೇಕು. ನಿರ್ಣಯಿಸುವ ವೈದ್ಯರಿಗೆ ಹೊಸ ಪರೀಕ್ಷೆಯ ಫಲ ತಿಳಿದಿರಕೂಡದು. ತಿಳಿದಿದ್ದರೆ ಹೊಸದು ತನಗೆ ತಾನೇ ಸಾಕ್ಷಿ ನುಡಿದಂತಾಗಿ, ತಾರ್ಕಿಕರು ಹೇಳುವ ಆತ್ಮಾಶ್ರಯ ದೋಷವೊದಗುತ್ತದೆ.